ಮ್ಹೈಸಾಳದಿಂದ ಕಾಗವಾಡಕ್ಕೆ, ಮುಂಬಯಿಯ ಮಾರ್ಗವಾಗಿ

ಮಿರಜ ಪಟ್ಟಣದಿಂದ ಕಾಗವಾಡ, ಅಥಣಿಗಳ ಕಡೆಗೆ ಹೊರಡುವ ರಸ್ತೆಯು ಮಹಾರಾಷ್ಟ್ರದ ಎಲ್ಲೆಯನ್ನು ದಾಟುವ ಮುನ್ನ ಮ್ಹೈಸಾಳವನ್ನು ಹಾದುಹೋಗುತ್ತದೆ. ಸಾಂಗಲಿ ಜಿಲ್ಲೆಯ ಮಿರಜ ತಾಲ್ಲೂಕಿಗೆ ಸೇರಿದ ಈ ಊರಿನ ಒಂದು ಮಗ್ಗುಲಲ್ಲಿ ಕೃಷ್ಣೆ. ಉಳಿದೆಡೆಯಲ್ಲಿ ಕಣ್ಣು ಹಾಯುವಷ್ಟು ದೂರ ಕಬ್ಬು. ಮಿರಜ–ಬೆಳಗಾವಿ ರೈಲುಮಾರ್ಗವೂ ಇದರ ಸನಿಹದಲ್ಲೇ ವಿಜಯನಗರ ನಿಲ್ದಾಣವನ್ನು ಮುಟ್ಟಿ ಶೇಡಬಾಳ, ಉಗಾರ, ಕುಡಚಿಗಳತ್ತ ಸಾಗುತ್ತದೆ. ಎಸ್‌.ಟಿ.ಯ ಬಸ್ಸೂ ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸೂ ಇಲ್ಲಿ ಒಂದರ ಹಿಂದೆ ಒಂದು ಧೂಳೆಬ್ಬಿಸುತ್ತವೆ. ಅಂಗಡಿಗಳ ಫಲಕ ಮರಾಠಿ. ಫಲಕದ ಕೆಳಗೆ ನಡೆಯುವ ವ್ಯಾಪಾರದ ಮಾತು ಗಿರಾಕಿಯನ್ನು ನೋಡಿ ಮರಾಠಿಯಾಗುತ್ತದೆ, ಕನ್ನಡವಾಗುತ್ತದೆ.

ಇಲ್ಲಿನವರಿಗೆ ಎಲ್ಲೆಯೆಂಬುದು ದಿನವೂ ದಾಟುವ ಗೆರೆ. ಬೆಳಗಾವಿ ಜಿಲ್ಲೆಯ ರೋಗಿಗಳು ಚಿಕಿತ್ಸೆಗೆಂದು ಮಿರಜಕ್ಕೆ ಬರುವ ವಾಡಿಕೆ, ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಮಿಷನ್ ಆಸ್ಪತ್ರೆಯನ್ನು ಕಟ್ಟಿದ ಕಾಲದಿಂದ ಬೆಳೆದುಬಂದದ್ದು. ಅಥಣಿ, ವಿಜಯಪುರಗಳ ಒಣದ್ರಾಕ್ಷಿ ತಾಸಗಾವ, ಸಾಂಗಲಿಗಳ ಪೇಟೆಗೆ ಬರುತ್ತದೆ. ಅರಿಸಿನದ ಧಾರಣೆಗೆ ಸಾಂಗಲಿಯ ಮಾತೇ ಮಾತು. ಹೆಣ್ಣು ಕೊಡುವುದೂ ತರುವುದೂ ಎರಡು ಕಡೆಗೂ ಉಂಟು. ಆದರೆ ಕಚೇರಿಯ ಕಾಗದದಲ್ಲಿ ಲೋಕ ಬೇರೆ. ಈ ಕಡೆಯ ವಿದ್ಯುತ್ತು ಮಹಾವಿತರಣದ್ದು, ಆ ಕಡೆಯದು ಹೆಸ್ಕಾಂನದು. ಈ ಕಡೆಯ ದೂರವಾಣಿ ಮಹಾರಾಷ್ಟ್ರ ವೃತ್ತಕ್ಕೆ ಸೇರಿದ್ದು, ಆ ಕಡೆಯದು ಕರ್ನಾಟಕ ವೃತ್ತಕ್ಕೆ. ಮನುಷ್ಯನು ಕೆಲವೇ ಕಿಲೋಮೀಟರುಗಳಲ್ಲಿ ಮುಗಿಸುವ ಹಾದಿಯನ್ನು ಅವನ ಸುದ್ದಿ ಎಷ್ಟು ದೂರ ನಡೆದು ಮುಗಿಸುತ್ತದೆ, ಅದಕ್ಕೆ ಯಾರು ಹಣ ತೆರುತ್ತಾರೆ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಸುದ್ದಿಯ ದಾರಿ

ಮಿರಜದ ಒಂದು ಆಸ್ಪತ್ರೆಯಲ್ಲಿ ತೆಗೆದ ಸ್ಕ್ಯಾನ್ ಚಿತ್ರವನ್ನು ಕಾಗವಾಡದ ವೈದ್ಯನು ತನ್ನ ಗಣಕದಲ್ಲಿ ತೆರೆಯುತ್ತಾನೆಂದು ಭಾವಿಸೋಣ. ಆಸ್ಪತ್ರೆಗೆ ಅಂತರ್ಜಾಲದ ಸಂಪರ್ಕ ಕೊಟ್ಟವನು ಮಿರಜದ ಸಣ್ಣ ಸೇವಾದಾರ. ವೈದ್ಯನಿಗೆ ಕೊಟ್ಟವನು ಆ ಕಡೆಯ ಮತ್ತೊಬ್ಬ ಸಣ್ಣ ಸೇವಾದಾರ. ಇಬ್ಬರ ನಡುವೆ ನೇರವಾದ ತಂತಿಯಿಲ್ಲ. ಮಿರಜದವನು ತನ್ನ ಹೊರೆಯನ್ನು ಮುಂಬಯಿಯಲ್ಲಿ ಒಂದು ದೊಡ್ಡ ಕಂಪನಿಗೆ ಒಪ್ಪಿಸುವನಾಗಿ, ಆ ಕಡೆಯವನು ಬೆಂಗಳೂರಿನಲ್ಲಿ ತನ್ನ ಹೊರೆಯನ್ನು ಎತ್ತಿಕೊಳ್ಳುವನಾದರೆ, ಚಿತ್ರವು ಮೊದಲು ಸುಮಾರು 400 ಕಿಲೋಮೀಟರು ಮುಂಬಯಿಗೆ, ಅಲ್ಲಿಂದ ಸುಮಾರು 1,000 ಕಿಲೋಮೀಟರು ಬೆಂಗಳೂರಿಗೆ, ಮತ್ತೆ ಸುಮಾರು 600 ಕಿಲೋಮೀಟರು ಗಡಿಯ ಕಡೆಗೆ ಓಡಬೇಕು. ಪಕ್ಕದ ಮನೆಯ ಬಾಗಿಲಿಗೆ 2,000 ಕಿಲೋಮೀಟರಿನ ಸುತ್ತು.

ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸರಿಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. 2,000 ಕಿಲೋಮೀಟರಿಗೆ ತಗಲುವುದು ಸೆಕೆಂಡಿನ ನೂರನೆಯ ಒಂದು ಭಾಗ; ಹೋಗಿ ಬರಲು ಅದರ ಎರಡರಷ್ಟು. ನಡುವಣ ಯಂತ್ರಗಳ ತಡವನ್ನು ಸೇರಿಸಿದರೂ ವೈದ್ಯನಿಗೆ ಅದು ಗೊತ್ತಾಗಲಾರದು. ಆದ್ದರಿಂದ ಈ ಸುತ್ತಿನ ತೊಡಕು ವೇಗದಲ್ಲಿ ಮಾತ್ರ ಇದೆಯೆಂದು ತಿಳಿಯುವುದು ಸರಿಯಲ್ಲ. ತೊಡಕು ಎರಡು ಕಡೆ ಇದೆ. ಒಂದು, ಮುಂಬಯಿಯವರೆಗಿನ ದಾರಿಯನ್ನು ಸೇವಾದಾರನು ಬಾಡಿಗೆಗೆ ಪಡೆದಿರುತ್ತಾನೆ. ಪಕ್ಕದೂರಿನ ಸುದ್ದಿಯೂ ಆ ದಾರಿಯ ಬಾಡಿಗೆಯನ್ನು ತಿನ್ನುತ್ತದೆ. ಇನ್ನೊಂದು, ಆ ದಾರಿ ಎಲ್ಲಿ ಕಡಿದರೂ ಮಿರಜಕ್ಕೂ ಕಾಗವಾಡಕ್ಕೂ ನಡುವಿನ ಮಾತು ನಿಲ್ಲುತ್ತದೆ.

ಇದಕ್ಕೆ ಲೋಕವು ಕಂಡುಕೊಂಡ ಉಪಾಯ ಅಂತರ್ಜಾಲ ವಿನಿಮಯ ಕೇಂದ್ರ. ಐದು ಮಂದಿ ಸೇವಾದಾರರು ಒಬ್ಬರಿಗೊಬ್ಬರು ನೇರವಾಗಿ ತಂತಿ ಎಳೆದುಕೊಳ್ಳುವುದಾದರೆ ಹತ್ತು ತಂತಿ ಬೇಕು. ಇಪ್ಪತ್ತು ಮಂದಿಗೆ 190 ಬೇಕು. ಎಲ್ಲರೂ ಒಂದು ಕೋಣೆಗೆ ಒಂದೊಂದು ತಂತಿ ತಂದು ಒಂದೇ ಸ್ವಿಚ್ಚಿಗೆ ಜೋಡಿಸಿದರೆ ಇಪ್ಪತ್ತೇ ಸಾಕು. ಅಲ್ಲಿ ತಮ್ಮ ತಮ್ಮ ಗ್ರಾಹಕರಿಗೆ ಸೇರಬೇಕಾದ ಸರಕನ್ನು ಪರಸ್ಪರ ಕೈಬದಲಿಸಿಕೊಳ್ಳುತ್ತಾರೆ. ಕೇಂದ್ರವು ಸರಕನ್ನು ಮಾರುವುದಿಲ್ಲ, ಕೊಳ್ಳುವುದಿಲ್ಲ. ಸಂತೆಯ ಕಟ್ಟೆಯಂತೆ ಜಾಗ ಕೊಡುತ್ತದೆ, ಕಸ ಗುಡಿಸುತ್ತದೆ, ದೀಪ ಹಚ್ಚುತ್ತದೆ.

ಮೂರು ಗೇಜುಗಳ ಮಿರಜ

ಕೈಬದಲಿಸುವ ಜಾಗಕ್ಕೆ ಖರ್ಚಿದೆಯೆಂಬುದನ್ನು ಮಿರಜದ ರೈಲು ನಿಲ್ದಾಣ ಒಂದು ಕಾಲದಲ್ಲಿ ದಿನನಿತ್ಯ ತೋರಿಸುತ್ತಿತ್ತು. 19ನೆಯ ಶತಮಾನದ ಕೊನೆಯಲ್ಲಿ ಪುಣೆಯಿಂದ ಬೆಳಗಾವಿಯ ಕಡೆಗೆ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಹಳಿ ಮಿರಜದ ಮೂಲಕ ಹಾದುಹೋಯಿತು. 1927ರಲ್ಲಿ ಪಂಢರಪುರದ ಕಡೆಯಿಂದ ಬಾರ್ಶಿ ಲೈಟ್ ರೈಲ್ವೆಯ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಬಂದು ಸೇರಿತು. 1971ರಲ್ಲಿ ಪುಣೆ–ಮಿರಜ–ಕೊಲ್ಹಾಪುರ ಮಾರ್ಗ ಬ್ರಾಡ್‌ಗೇಜ್ ಆಯಿತು. ಅಂದಿನಿಂದ ಬೆಂಗಳೂರಿನ ಕಡೆಯ ಹಳಿ 1990ರ ದಶಕದಲ್ಲಿ ಅಗಲವಾಗುವವರೆಗೆ ಮೂರು ಅಳತೆಯ ಗಾಡಿಗಳು ಈ ಒಂದು ನಿಲ್ದಾಣದಲ್ಲಿ ಕೂಡುತ್ತಿದ್ದವು.

ಬೆಳಗಾವಿಯಿಂದ ಬಂದ ಪ್ರಯಾಣಿಕನು ಮಿರಜದಲ್ಲಿಳಿದು ಗಂಟುಮೂಟೆಯೊಡನೆ ಮುಂಬಯಿಯ ದೊಡ್ಡ ಗಾಡಿಗೆ ಹತ್ತಬೇಕಾಗಿತ್ತು. ಸರಕನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗಿತ್ತು. ಹಮಾಲರ ಕೂಲಿ, ಗೋದಾಮಿನ ಬಾಡಿಗೆ, ಗುಮಾಸ್ತನ ಸಂಬಳ, ಒಡೆದ ಚೀಲದಿಂದ ಸೋರಿದ ಕಾಳು, ಎದುರುಗಾಡಿ ಬಾರದೆ ಕಾದ ದಿನ, ಇವೆಲ್ಲ ಕೈಬದಲಿನ ಖರ್ಚು. ಆದರೆ ಆ ಖರ್ಚಿನಿಂದಲೇ ಮಿರಜ ಬೆಳೆಯಿತು. ಮೂರು ದಿಕ್ಕಿನ ಜನ ಇಳಿದುಹತ್ತುವ ಊರಿನಲ್ಲಿ ಖಾನಾವಳಿ, ಧರ್ಮಶಾಲೆ, ಔಷಧದ ಅಂಗಡಿಗಳು ತಾವಾಗಿ ತಲೆಯೆತ್ತುತ್ತವೆ. ಆಸ್ಪತ್ರೆಗಳ ಊರೆಂಬ ಹೆಸರಿಗೂ ಈ ಹಳಿಗಳು ಆಸರೆಯಾದವು.

ಸರಕು ಕೈಬದಲಾಗುವ ಜಾಗವು ಹತ್ತಿರವಿದ್ದರೆ ಅದರ ಖರ್ಚಿನ ಒಂದು ಪಾಲಾದರೂ ಊರಿನಲ್ಲೇ ಕೂಲಿಯಾಗಿ ಉಳಿಯುತ್ತದೆ. ಅಂತರ್ಜಾಲದ ಸರಕು ಮುಂಬಯಿಯಲ್ಲಿ ಕೈಬದಲಾಗುವಾಗ ಆ ಕೂಲಿಯೂ ಆ ನೈಪುಣ್ಯವೂ ಮುಂಬಯಿಯವಾಗುತ್ತವೆ.

ಕೋಣೆಯ ಲೆಕ್ಕ

ವಿನಿಮಯ ಕೇಂದ್ರವೆಂದರೆ ದೊಡ್ಡ ಕಟ್ಟಡವೆಂದು ಹಲವರ ಭಾವನೆ. ಸಣ್ಣ ಊರಿಗೆ ಬೇಕಾದದ್ದು ಒಂದು ಗಟ್ಟಿ ಕೋಣೆ, ಒಂದೆರಡು ಕಬ್ಬಿಣದ ಚೌಕಟ್ಟು, ಒಂದು ಒಳ್ಳೆಯ ಸ್ವಿಚ್, ಅದು ಕೆಟ್ಟರೆ ತಕ್ಷಣ ಕೂಡಿಸಲು ಇನ್ನೊಂದು ಸ್ವಿಚ್, ಬೆಳಕಿನ ಸಂಕೇತವನ್ನು ಕಳಿಸಿ ಪಡೆಯುವ ಬೆರಳುದ್ದದ ಮಾಡ್ಯೂಲುಗಳು, ಯಾರ ಬಳಿ ಯಾವ ವಿಳಾಸಗಳಿವೆಯೆಂದು ಎಲ್ಲರಿಗೂ ಸಾರುವ ಒಂದೆರಡು ಸರ್ವರುಗಳು. ಕೊಳ್ಳುವ ಸಾಮಾನಿನ ಪಟ್ಟಿ ಇಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಊರಿನ ಪತ್ತಿನ ಸಂಘವೊಂದು ಕೂಡಿಸಬಲ್ಲ ಹಣದಲ್ಲಿ ಇದನ್ನು ತರಬಹುದು.

ನಡೆಸುವ ಪಟ್ಟಿ ಅದಕ್ಕಿಂತ ಉದ್ದ. ವರ್ಷಕ್ಕೆ 8,760 ಗಂಟೆ. ಯಂತ್ರಗಳು ಅರ್ಧ ಕಿಲೋವ್ಯಾಟ್ ಮಾತ್ರ ಎಳೆದರೂ ವರ್ಷಕ್ಕೆ 4,380 ಯೂನಿಟ್ ಆಗುತ್ತದೆ. ಏಪ್ರಿಲ್, ಮೇ ತಿಂಗಳ ಮಿರಜದಲ್ಲಿ ಏ.ಸಿ. ಇಲ್ಲದೆ ಯಂತ್ರ ಬಾಳದು. ಅದರ ವಿದ್ಯುತ್ತೂ ಯು.ಪಿ.ಎಸ್‌.ನಲ್ಲಿ ಸೋರುವ ವಿದ್ಯುತ್ತೂ ಸೇರಿದರೆ ಲೆಕ್ಕ ಒಂದೂವರೆ ಪಟ್ಟೋ ಎರಡು ಪಟ್ಟೋ ಏರುತ್ತದೆ. ಕರೆಂಟು ಹೋದಾಗ ಜನರೇಟರಿಗೆ ಡೀಸೆಲ್ ಬೇಕು. ಬ್ಯಾಟರಿಗಳನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ಈ ಖರ್ಚನ್ನು ಮೊದಲ ವರ್ಷದ ಅಂದಾಜಿನಲ್ಲಿ ಬರೆಯದೆ ಬಿಡುವುದು ಸಾಮಾನ್ಯ.

ಇನ್ನು ಮನುಷ್ಯನ ಲೆಕ್ಕ. ವಾರಕ್ಕೆ 168 ಗಂಟೆ. ಒಬ್ಬನ ದುಡಿಮೆ 48 ಗಂಟೆ. ಹಗಲಿರುಳು ಒಬ್ಬನಾದರೂ ಕೋಣೆಯಲ್ಲಿರಬೇಕೆಂದರೆ ಮೂರೂವರೆ ಜನ, ರಜೆ ಕಾಯಿಲೆಗಳನ್ನು ಹಿಡಿದರೆ ನಾಲ್ಕೈದು ಜನ. ಸಣ್ಣ ಕೇಂದ್ರ ಈ ಸಂಬಳವನ್ನು ತಾಳದು. ಆದ್ದರಿಂದ ಲೋಕದ ಸಣ್ಣ ಕೇಂದ್ರಗಳು ಯಂತ್ರವನ್ನು ದೂರದಿಂದ ನೋಡಿಕೊಳ್ಳುತ್ತವೆ. ಕರೆದಾಗ ಬರುವ ಒಬ್ಬ ತಂತ್ರಜ್ಞನನ್ನು ಗೊತ್ತುಮಾಡಿಕೊಳ್ಳುತ್ತವೆ. ಅವನು ಎಷ್ಟು ಹೊತ್ತಿನಲ್ಲಿ ಬರುತ್ತಾನೆ ಎಂಬುದೇ ಕೇಂದ್ರದ ಯೋಗ್ಯತೆಯನ್ನು ನಿರ್ಧರಿಸುತ್ತದೆ. ನೂರಕ್ಕೆ 99.9ರಷ್ಟು ಹೊತ್ತು ನಡೆಯುವ ಕೇಂದ್ರವೆಂದರೆ ವರ್ಷಕ್ಕೆ ಒಂಬತ್ತು ಗಂಟೆಗಿಂತ ಕಡಿಮೆ ನಿಲ್ಲುವ ಕೇಂದ್ರ, 99.99 ಎಂದರೆ 53 ನಿಮಿಷಗಳಿಗಿಂತ ಕಡಿಮೆ. ಆ ಒಂದು ದಶಾಂಶದ ಬೆಲೆ ಇನ್ನೊಂದು ಜನರೇಟರು, ಇನ್ನೊಂದು ಸ್ವಿಚ್, ಅರ್ಧರಾತ್ರಿಯಲ್ಲಿ ಏಳಲು ಒಪ್ಪುವ ಇನ್ನೊಬ್ಬ ಮನುಷ್ಯ.

ಕೋಣೆಯವರೆಗಿನ ದಾರಿ

ಕೋಣೆಗಿಂತ ದೊಡ್ಡ ಖರ್ಚು ಕೋಣೆಯನ್ನು ಮುಟ್ಟುವ ದಾರಿಯದು. ಪ್ರತಿಯೊಬ್ಬ ಸೇವಾದಾರನೂ ತನ್ನ ಫೈಬರನ್ನು ಅಲ್ಲಿಯವರೆಗೆ ತರಬೇಕು. ರಸ್ತೆ ಅಗೆಯಲು ಒಂದು ಕಡೆ ಲೋಕೋಪಯೋಗಿ ಇಲಾಖೆ, ಒಂದು ಕಡೆ ಪುರಸಭೆ, ಒಂದು ಕಡೆ ಗ್ರಾಮಪಂಚಾಯತಿ, ಹಳಿ ದಾಟಲು ರೈಲ್ವೆ, ಕಾಲುವೆ ದಾಟಲು ನೀರಾವರಿ ಇಲಾಖೆ. ದೂರಸಂಪರ್ಕದ ಹಾದಿಹಕ್ಕಿನ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದು ಅರ್ಜಿಯ ಹಾದಿಯನ್ನು ಸುಗಮಗೊಳಿಸಲು ಯತ್ನಿಸಿವೆ. ಆದರೂ ಮ್ಹೈಸಾಳದಿಂದ ಕಾಗವಾಡಕ್ಕೆ ತಂತಿ ಹೂಳುವವನು ಎರಡು ರಾಜ್ಯಗಳ ಕಚೇರಿಗಳ ಮೆಟ್ಟಿಲನ್ನು ಹತ್ತಲೇಬೇಕು.

ಹೂತ ಮೇಲೂ ತಂತಿಗೆ ನೆಮ್ಮದಿಯಿಲ್ಲ. ರಸ್ತೆ ಅಗಲವಾಗುವಾಗ ಜೆ.ಸಿ.ಬಿ. ಅದನ್ನು ಕೀಳುತ್ತದೆ. ಕಂಬಗಳ ಮೇಲಿಂದ ಎಳೆದದ್ದಾದರೆ ಕಬ್ಬಿನ ಹಂಗಾಮಿನಲ್ಲಿ ಎತ್ತರಕ್ಕೆ ಹೇರಿದ ಟ್ರ್ಯಾಕ್ಟರಿಗೆ ಸಿಕ್ಕುವ ಭಯ. ಕೃಷ್ಣೆಯ ಪ್ರವಾಹ ಎಲ್ಲಕ್ಕೂ ಮಿಗಿಲು. 2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ನೀರು 57 ಅಡಿಗೂ ಮೀರಿ ಏರಿತು. ಅಲ್ಲಿ ಅಪಾಯದ ಮಟ್ಟ 45 ಅಡಿ. ಕೊಲ್ಹಾಪುರದ ಬಳಿ ಪುಣೆ–ಬೆಂಗಳೂರು ಹೆದ್ದಾರಿಯ ಸಂಚಾರ ದಿನಗಟ್ಟಲೆ ನಿಂತಿತು. 2005ರಲ್ಲಿ ಹಿಂದೊಮ್ಮೆ ಆಗಿತ್ತು. 2021ರ ಜುಲೈಯಲ್ಲಿ ಮತ್ತೊಮ್ಮೆ ಆಯಿತು. ಇಂಥ ನಾಡಿನಲ್ಲಿ ಜನರೇಟರನ್ನು ನೆಲಮಾಳಿಗೆಯಲ್ಲಿಡುವುದು ತಿಳಿಗೇಡಿತನ. ಕೇಂದ್ರಕ್ಕೆ ಜಾಗ ಹುಡುಕುವವನು ಬಾಡಿಗೆ ಕೇಳುವ ಮೊದಲು ಆ ಗೋಡೆಯ ಮೇಲೆ 2019ರ ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಯವರನ್ನು ಕೇಳುವುದು ಒಳ್ಳೆಯದು.

ಪ್ರವಾಹದ ದಿನಗಳಲ್ಲೇ ಸ್ಥಳೀಯ ಕೇಂದ್ರದ ನಿಜವಾದ ಬೆಲೆ ತಿಳಿಯುತ್ತದೆ. ಮುಂಬಯಿಯ ದಾರಿ ಕಡಿದರೆ ಸಿನಿಮಾ ನೋಡುವವನಿಗೆ ಬೇಸರ, ಅಷ್ಟೆ. ಮಿರಜದ ಆಸ್ಪತ್ರೆಯಲ್ಲಿ ಯಾವ ವಾರ್ಡಿನಲ್ಲಿ ಹಾಸಿಗೆ ಉಂಟು, ದೋಣಿ ಯಾವ ಊರಿಗೆ ಹೊರಟಿತು, ಯಾವ ಶಾಲೆಯಲ್ಲಿ ಎಷ್ಟು ಜನ ಇಳಿದುಕೊಂಡಿದ್ದಾರೆ ಎಂಬ ಮಾತು ಐವತ್ತು ಕಿಲೋಮೀಟರಿನೊಳಗಿನದು. ಅದು ಮುಂಬಯಿಗೆ ಹೋಗದೆ ನಡೆಯುವಂತಿದ್ದರೆ ಜೀವ ಉಳಿದೀತು. ಒಂದು ಎಚ್ಚರಿಕೆಯನ್ನೂ ಹೇಳಬೇಕು: ಸ್ವಿಚ್ ಊರಿನಲ್ಲಿದ್ದ ಮಾತ್ರಕ್ಕೆ ಇದು ಆಗದು, ಆಸ್ಪತ್ರೆಯ ದಾಖಲೆಗಳಿರುವ ಸರ್ವರೂ ಊರಿನಲ್ಲಿರಬೇಕು. ಮುಂಬಯಿಯಲ್ಲೋ ಇನ್ನೂ ದೂರದಲ್ಲೋ ಇರುವ ಸರ್ವರಿನ ಮೂಲಕ ನಡೆಯುವ ಸಂದೇಶಕ್ಕೆ ಊರ ಕೇಂದ್ರದಿಂದ ಪ್ರಯೋಜನವಿಲ್ಲ.

ಪಂಪಿನ ಬಿಲ್ಲು

ಕಟ್ಟುವ ಖರ್ಚು ಬೇರೆ, ನಡೆಸುವ ಖರ್ಚು ಬೇರೆ ಎಂಬುದನ್ನು ಮ್ಹೈಸಾಳದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಹೆಸರು ಮಹಾರಾಷ್ಟ್ರದ ಉದ್ದಗಲಕ್ಕೂ ತಿಳಿದಿರುವುದು ಇಲ್ಲಿನ ಏತ ನೀರಾವರಿಯಿಂದ. 1980ರ ದಶಕದಲ್ಲಿ ಕೈಗೆತ್ತಿಕೊಂಡ ಈ ಯೋಜನೆ ಕೃಷ್ಣೆಯ ನೀರನ್ನು ಮ್ಹೈಸಾಳದಲ್ಲಿ ಎತ್ತಿ, ಹಂತಹಂತವಾಗಿ ಪಂಪುಗಳಿಂದ ಮೇಲೇರಿಸಿ, ಮಿರಜ, ಕವಠೇ ಮಹಾಂಕಾಳ, ಜತ್ತ, ಸಾಂಗೋಲೆಗಳ ಒಣನೆಲಕ್ಕೂ, ಬಸವಣ್ಣನವರು ಕರಣಿಕರಾಗಿದ್ದರೆಂದು ಪರಂಪರೆ ಹೇಳುವ ಮಂಗಳವೇಡೆಯ ಕಡೆಗೂ ಸಾಗಿಸುತ್ತದೆ. ಜತ್ತ ತಾಲ್ಲೂಕಿನ ಕನ್ನಡದ ಹಳ್ಳಿಗಳು ವರ್ಷಗಟ್ಟಲೆ ದಾರಿ ಕಾದದ್ದು ಈ ನೀರಿಗೆ.

ಕಾಲುವೆ ತೋಡಲು, ಪಂಪು ಕೂಡಿಸಲು ಸರ್ಕಾರದ ಹಣ ಬಂತು. ಆಮೇಲೆ ಬಂದದ್ದು ವಿದ್ಯುತ್ತಿನ ಬಿಲ್ಲು. ಇಳಿಜಾರಿನಲ್ಲಿ ತಾನಾಗಿ ಹರಿಯುವ ನೀರಿಗೆ ಈ ಬಾಧೆಯಿಲ್ಲ. ಎತ್ತುವ ನೀರಿನ ಪ್ರತಿಯೊಂದು ಹನಿಗೂ ಮೀಟರು ಓಡುತ್ತದೆ. ಬಾಕಿ ಬೆಳೆಯಿತು, ಬಾಕಿಗಾಗಿ ಪಂಪುಗಳು ನಿಂತ ಹಂಗಾಮುಗಳೂ ಆದವು. ನೀರು ಬಂದರೆ ಹಣ ಕಟ್ಟುತ್ತೇವೆಂದು ರೈತರು, ಹಣ ಕಟ್ಟಿದರೆ ನೀರು ಬಿಡುತ್ತೇವೆಂದು ಅಧಿಕಾರಿಗಳು. ಕೊನೆಗೆ ಇಂಥ ಏತ ಯೋಜನೆಗಳ ವಿದ್ಯುತ್ ವೆಚ್ಚದಲ್ಲಿ ನೂರಕ್ಕೆ 81ನ್ನು ಸರ್ಕಾರವೂ 19ನ್ನು ರೈತರೂ ಹೊರಬೇಕೆಂಬ ಸೂತ್ರ ಬಂತು.

ಈ ಸೂತ್ರದಲ್ಲಿ ಅಂತರ್ಜಾಲಕ್ಕೂ ಒಂದು ಪಾಠವಿದೆ. ಯಂತ್ರವನ್ನು ದಾನ ಕೊಡುವವರು ಸಿಗುತ್ತಾರೆ, ಉದ್ಘಾಟನೆಗೆ ಬರುವವರು ಸಿಗುತ್ತಾರೆ. ಮೂರನೆಯ ವರ್ಷದ ಡೀಸೆಲಿಗೂ ಐದನೆಯ ವರ್ಷದ ಬ್ಯಾಟರಿಗೂ ಹಣ ಯಾರದೆಂದು ಮೊದಲ ದಿನವೇ ಬರೆದಿಡದ ಕೇಂದ್ರ, ಬಾಕಿ ಬಿದ್ದ ಪಂಪಿನಂತೆ ನಿಲ್ಲುತ್ತದೆ. ಪಂಪಿಗೂ ಕೇಂದ್ರಕ್ಕೂ ಒಂದು ವ್ಯತ್ಯಾಸವಿದೆ, ಅದು ಕೇಂದ್ರಕ್ಕೆ ಅನುಕೂಲವಾದದ್ದು. ಪಂಪಿನ ಬಿಲ್ಲು ಎತ್ತಿದ ನೀರಿನೊಡನೆ ಏರುತ್ತದೆ. ಸ್ವಿಚ್ಚಿನ ಬಿಲ್ಲು ಸಾಗಿದ ಸುದ್ದಿಯೊಡನೆ ಅಷ್ಟಾಗಿ ಏರುವುದಿಲ್ಲ. ಮೂವರು ಸದಸ್ಯರಿದ್ದರೂ ಹತ್ತು ಮಂದಿ ಇದ್ದರೂ ಹೆಚ್ಚುಕಡಿಮೆ ಅಷ್ಟೇ. ಸದಸ್ಯರು ಕೂಡಿದಂತೆ ಪ್ರತಿಯೊಬ್ಬನ ಪಾಲು ಇಳಿಯುತ್ತದೆ.

ಅನ್ಯರ ಅನುಭವ

ಈ ಪಾಲುಗಾರಿಕೆ ಹೊಸದೇನೂ ಅಲ್ಲ. ಲಂಡನ್ನಿನಲ್ಲಿ 1994ರಲ್ಲಿ ಐದು ಸೇವಾದಾರ ಸಂಸ್ಥೆಗಳು ಕೂಡಿ ಸ್ಥಾಪಿಸಿದ ವಿನಿಮಯ ಕೇಂದ್ರ ಸದಸ್ಯರ ಒಡೆತನದ್ದು. ಫ್ರಾಂಕ್‌ಫರ್ಟಿನದು 1995ರಲ್ಲಿ ಮೂವರಿಂದ, ಹಳೆಯ ಅಂಚೆ ಕಟ್ಟಡವೊಂದರಲ್ಲಿ ಮೊದಲಾಯಿತು. ಇಂದು ಅದು ಜಗತ್ತಿನ ಅತಿ ದೊಡ್ಡ ಕೇಂದ್ರಗಳಲ್ಲಿ ಒಂದು. ಅಮೆರಿಕದ ಸಿಯಾಟಲ್ ನಗರದ ಕೇಂದ್ರ ತಿಂಗಳ ಬಾಡಿಗೆ ಕೇಳದೆ, ಸೇರುವಾಗ ಒಮ್ಮೆ ಶುಲ್ಕ ಪಡೆದು, ಉಳಿದದ್ದನ್ನು ದೇಣಿಗೆಯಿಂದ ನಡೆಸಿಕೊಂಡು ಬಂದಿದೆ.

ಕಾಯಿದೆ ತಿಳಿದವರಿಗೆ ಹೆಚ್ಚು ಬೋಧಪ್ರದವಾದದ್ದು ಕೀನ್ಯಾದ ಕಥೆ. 2000ದ ನವೆಂಬರಿನಲ್ಲಿ ನೈರೋಬಿಯ ಸೇವಾದಾರರು ತಮ್ಮ ಕೇಂದ್ರವನ್ನು ತೆರೆದರು. ಸುದ್ದಿ ಸಾಗಿಸುವ ಏಕಸ್ವಾಮ್ಯ ತನ್ನದೆಂದು ಟೆಲ್ಕಾಂ ಕೀನ್ಯಾ ದೂರು ಕೊಟ್ಟಿತು. ಎರಡು ವಾರಗಳೊಳಗೆ ನಿಯಂತ್ರಕರು ಬೀಗ ಹಾಕಿಸಿದರು. ವಾದ ನಡೆದು, ಪರವಾನಗಿ ದೊರೆತು, ಕೇಂದ್ರ ಮತ್ತೆ ತೆರೆದದ್ದು 2002ರ ಫೆಬ್ರುವರಿಯಲ್ಲಿ. ಅದುವರೆಗೆ ನೈರೋಬಿಯ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುವ ಪತ್ರ ಖಂಡಾಂತರಕ್ಕೆ ಹೋಗಿ ಬರುತ್ತಿತ್ತು. ಅಂತರ್ಜಾಲ ಸೊಸೈಟಿಗಾಗಿ 2012ರಲ್ಲಿ ನಡೆದ ಅಧ್ಯಯನದ ಪ್ರಕಾರ ಕೇಂದ್ರದಿಂದಾಗಿ ಸ್ಥಳೀಯ ಸುದ್ದಿಯ ತಡ 200–600 ಮಿಲಿಸೆಕೆಂಡಿನಿಂದ 2–10ಕ್ಕೆ ಇಳಿದು, ವರ್ಷಕ್ಕೆ ಸುಮಾರು 15 ಲಕ್ಷ ಡಾಲರಿನ ಹೊರದೇಶದ ಸಂಪರ್ಕದ ಖರ್ಚು ಉಳಿಯುತ್ತಿತ್ತು. ದೇಶದೊಳಗೇ ದೊರೆಯುವ ಸರಕಿನ ಪಾಲು 2012ರಲ್ಲಿ ನೂರಕ್ಕೆ 30ರಷ್ಟಿದ್ದದ್ದು 2020ರ ಹೊತ್ತಿಗೆ 70ಕ್ಕೆ ಏರಿತು.

ಭಾರತದಲ್ಲಿ ನಿಕ್ಸಿ ಎಂಬ ಹೆಸರಿನ ರಾಷ್ಟ್ರೀಯ ವಿನಿಮಯ ಸಂಸ್ಥೆ 2003ರ ಜೂನ್ 19ರಂದು, ಕಂಪನಿ ಕಾಯಿದೆಯ ಅಂದಿನ 25ನೆಯ ಕಲಮಿನ ಕೆಳಗೆ, ಲಾಭ ಹಂಚದ ಸಂಸ್ಥೆಯಾಗಿ ನೋಂದಣಿಯಾಯಿತು. ದೇಶದೊಳಗಿನ ಸುದ್ದಿ ಹೊರದೇಶ ಸುತ್ತಿ ಬರುವುದನ್ನು ತಪ್ಪಿಸುವುದು ಅದರ ಉದ್ದೇಶ. ದೆಹಲಿಯ ಪಕ್ಕದ ನೋಯಿಡಾ, ಮುಂಬಯಿ, ಚೆನ್ನೈ, ಕೋಲ್ಕತ್ತಗಳಲ್ಲಿ ಮೊದಲ ಕೇಂದ್ರಗಳು ಬಂದವು. ಬೆಂಗಳೂರು, ಹೈದರಾಬಾದು ಮುಂತಾದವು ಅನಂತರ. ಮೊದಲ ವರ್ಷಗಳಲ್ಲಿ ಅದರ ಲೆಕ್ಕದ ಪದ್ಧತಿ ವಿಚಿತ್ರವಾಗಿತ್ತು: ಕೊಟ್ಟದ್ದಕ್ಕಿಂತ ಹೆಚ್ಚು ಪಡೆದವನು ಆ ವ್ಯತ್ಯಾಸಕ್ಕೆ ಹಣ ತೆರಬೇಕು. ಮನೆಮನೆಗೆ ಸಂಪರ್ಕ ಕೊಡುವ ಸಣ್ಣ ಸೇವಾದಾರನ ಗ್ರಾಹಕರು ಸಹಜವಾಗಿ ಪಡೆಯುವವರೇ. ಹಾಗಾಗಿ ಸಂತೆಗೆ ಬಂದ ಬಡವನು ದೊಡ್ಡ ಅಂಗಡಿಯವನಿಗೆ ಹಣ ಕೊಡಬೇಕಾಯಿತೆಂಬ ಆಕ್ಷೇಪ ಹುಟ್ಟಿತು. ಮುಂಬಯಿಯಲ್ಲಿ ಮುಂದೆ ಖಾಸಗಿ ಕೇಂದ್ರಗಳೂ ಬೆಳೆದವು. ಸಮುದ್ರದಡಿಯ ಕೇಬಲುಗಳು ದಡ ಹತ್ತುವ ನಗರದಲ್ಲಿ ಅವು ಬೆಳೆದದ್ದು ಸಹಜವೇ. ಗೂಗಲ್, ಮೆಟಾ, ನೆಟ್‌ಫ್ಲಿಕ್ಸ್‌ಗಳ ಸರಕು ಸಿಗುವ ಕಟ್ಟೆಗೆ ಎಲ್ಲರೂ ಬರುತ್ತಾರೆ.

ಊರಿನ ಕೇಂದ್ರಕ್ಕಿರುವ ಅತಿ ದೊಡ್ಡ ಆತಂಕವೂ ಇದೇ. ಜನರು ನೋಡುವುದರಲ್ಲಿ ಬಹುಪಾಲು ಚಲನಚಿತ್ರ. ಅದು ಈ ಕೆಲವೇ ಕಂಪನಿಗಳದು. ಸಾಕಷ್ಟು ಗ್ರಾಹಕರಿರುವ ಸೇವಾದಾರನಿಗೆ ಈ ಕಂಪನಿಗಳು ತಮ್ಮ ಸಂಗ್ರಹ ಪೆಟ್ಟಿಗೆಯನ್ನು ಉಚಿತವಾಗಿ ಕೊಡುತ್ತವೆ. ಜಾಗ ಮತ್ತು ವಿದ್ಯುತ್ತು ಮಾತ್ರ ಅವನದು. ಸಣ್ಣವನಿಗೆ ಆ ಅರ್ಹತೆ ಬರುವುದಿಲ್ಲ. ಆದರೆ ಹತ್ತು ಸಣ್ಣವರು ಒಂದು ಕಟ್ಟೆಯ ಮೇಲೆ ಕೂಡಿದರೆ ಅವರ ಒಟ್ಟು ಬೇಡಿಕೆ ಸಣ್ಣದಾಗಿ ಉಳಿಯುವುದಿಲ್ಲ. ಸಕ್ಕರೆ ಕಾರ್ಖಾನೆಯನ್ನೂ ಹಾಲಿನ ಸಂಘವನ್ನೂ ಹೀಗೆಯೇ ಕಟ್ಟಿದ ಸಾಂಗಲಿ ಜಿಲ್ಲೆಗೆ ಈ ತರ್ಕ ಅಪರಿಚಿತವಲ್ಲ.

ಎಲ್ಲೆಯ ಕಾಯಿದೆ

ತಂತಿ, ಯಂತ್ರ, ಹಣ ಮೂರೂ ಕೂಡಿದವೆಂದೇ ಇಟ್ಟುಕೊಂಡರೂ ಮ್ಹೈಸಾಳದಲ್ಲಿ ನಾಲ್ಕನೆಯದೊಂದು ಉಳಿಯುತ್ತದೆ. ಅಂತರ್ಜಾಲ ಸೇವಾದಾರರಿಗೆ ಕೊಟ್ಟುಬಂದ ಪರವಾನಗಿಯಲ್ಲಿ ಮೂರು ವರ್ಗ. ‘ಎ’ ವರ್ಗಕ್ಕೆ ದೇಶವೇ ಕ್ಷೇತ್ರ. ‘ಬಿ’ ವರ್ಗಕ್ಕೆ ಒಂದು ದೂರಸಂಪರ್ಕ ವೃತ್ತ. ‘ಸಿ’ ವರ್ಗಕ್ಕೆ ಸರಿಸುಮಾರು ಒಂದು ಜಿಲ್ಲೆಯಷ್ಟು ಪ್ರದೇಶ. ಶುಲ್ಕವೂ ಠೇವಣಿಯೂ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಸಣ್ಣವರು ‘ಸಿ’ಯನ್ನೇ ಹಿಡಿಯುತ್ತಾರೆ. ಸಾಂಗಲಿಯ ‘ಸಿ’ ವರ್ಗದವನು ಮ್ಹೈಸಾಳದ ಕೊನೆಯ ಮನೆಗೆ ಸಂಪರ್ಕ ಕೊಡಬಲ್ಲ. ಎಲ್ಲೆಯ ಆಚೆಗಿರುವ ಮನೆಗೆ ಕೊಡಲಾರ. ಅದಕ್ಕೆ ಬೆಳಗಾವಿಯ ಪರವಾನಗಿ ಬೇಕು, ಅದು ಇನ್ನೊಂದು ವೃತ್ತದ್ದು. ಗ್ರಾಮಪಂಚಾಯತಿಗಳಿಗೆ ಫೈಬರ್ ಮುಟ್ಟಿಸುವ ಭಾರತ್‌ನೆಟ್ ಯೋಜನೆಯೂ ತಾಲ್ಲೂಕು ಕೇಂದ್ರದಿಂದ ಹಳ್ಳಿಗೆ ಎಂಬ ಆಡಳಿತದ ಕ್ರಮವನ್ನೇ ಅನುಸರಿಸಿತು. ಎರಡು ರಾಜ್ಯಗಳ ಎಳೆಗಳು ಎಲ್ಲೆಯವರೆಗೆ ಬಂದು ಒಂದಕ್ಕೊಂದು ಬೆನ್ನುಮಾಡಿ ನಿಲ್ಲುವ ವ್ಯವಸ್ಥೆ ಇದು.

ಗಡಿನಾಡಿನವರು ಇದನ್ನು ಹಿಂದೆಯೂ ಕಂಡಿದ್ದಾರೆ. ಮೊಬೈಲು ಹೊಸದಾಗಿ ಬಂದ ವರ್ಷಗಳಲ್ಲಿ ಮನೆಯ ಹಿತ್ತಲಿಗೆ ಹೋದರೆ ಫೋನು ಆಚೆಯ ಗೋಪುರವನ್ನು ಹಿಡಿದು ರೋಮಿಂಗ್ ಶುಲ್ಕ ಮುರಿಯುತ್ತಿತ್ತು. 2015ರ ಜೂನಿನಲ್ಲಿ ಬಿ.ಎಸ್‌.ಎನ್‌.ಎಲ್. ಒಳಬರುವ ಕರೆಗೆ ಆ ಶುಲ್ಕವನ್ನು ತೆಗೆಯಿತು. ಉಳಿದವರೂ ಕ್ರಮೇಣ ತೆಗೆದರು. ಎಲ್ಲೆ ಹಾಗೇ ಇದೆ, ಅದರ ಬಾಡಿಗೆ ಹೋಯಿತು. ಅಂತರ್ಜಾಲದ ಎಲ್ಲೆಯ ಬಾಡಿಗೆ ಇನ್ನೂ ಹೋಗಿಲ್ಲ. ಬಿಲ್ಲಿನಲ್ಲಿ ಬೇರೆ ಸಾಲಾಗಿ ಕಾಣಿಸದೆ ಇರುವುದರಿಂದ ಅದನ್ನು ಯಾರೂ ಕೇಳುತ್ತಿಲ್ಲ.

ಕಾಯಿದೆಯಲ್ಲಿ ಕದಲಿಕೆ ಉಂಟು. 1885ರ ಟೆಲಿಗ್ರಾಫ್ ಕಾಯಿದೆಯ ಸ್ಥಾನದಲ್ಲಿ 2023ರ ದೂರಸಂಪರ್ಕ ಕಾಯಿದೆ ಬಂದಿದೆ. ವಿನಿಮಯ ಕೇಂದ್ರ ನಡೆಸುವವರಿಗೆ ಸೇವಾದಾರರ ಪರವಾನಗಿಯ ಭಾರವಿಲ್ಲದ ಪ್ರತ್ಯೇಕವಾದ ಅನುಮತಿ ಇರಲೆಂದು ಟ್ರಾಯ್ 2022ರ ನವೆಂಬರಿನಲ್ಲಿ ಶಿಫಾರಸು ಮಾಡಿತ್ತು. ಸಂಘಟನೆಯ ರೂಪಕ್ಕೂ ಕೊರತೆಯಿಲ್ಲ: ಎರಡು ರಾಜ್ಯಗಳ ಸದಸ್ಯರು ಕೂಡಿ ನಡೆಸಲು 2002ರ ಬಹುರಾಜ್ಯ ಸಹಕಾರ ಸಂಘಗಳ ಕಾಯಿದೆ ಇದೆ, ಲಾಭ ಹಂಚದ ಕಂಪನಿಗೆ 2013ರ ಕಂಪನಿ ಕಾಯಿದೆಯ 8ನೆಯ ಕಲಮು ಇದೆ.

ಮೊದಲು ಮಾಡಬೇಕಾದದ್ದು

ಮ್ಹೈಸಾಳದಲ್ಲಿಯೇ ಕೇಂದ್ರ ಬರಬೇಕೆಂದು ಹಟ ಹಿಡಿಯುವುದು ಬೇಡ. ರೈಲುಹಳಿಯ ಪಕ್ಕದ ಫೈಬರೂ ರಸ್ತೆಯ ಫೈಬರೂ ಆಸ್ಪತ್ರೆಗಳೂ ಇರುವ ಮಿರಜ ಅದಕ್ಕೆ ತಕ್ಕ ಜಾಗ. ಮ್ಹೈಸಾಳದ ಪಾತ್ರ ಆಚೆಯ ಎಳೆಯನ್ನು ಈಚೆಯ ಎಳೆಗೆ ಕೂಡಿಸಿಕೊಡುವ ಗಂಟಿನದು. ಎರಡೂ ಕಡೆಯ ದೊಡ್ಡ ಪರವಾನಗಿ ಉಳ್ಳ ಒಬ್ಬ ಸೇವಾದಾರನು ಮುಂದೆ ಬಂದರೆ ಆ ಗಂಟಿಗೆ ಕಾಯಿದೆಯ ಅಡ್ಡಿಯಿಲ್ಲ.

ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಕೆಲಸವಿದೆ. ಮಿರಜ, ಸಾಂಗಲಿ, ಕಾಗವಾಡ, ಅಥಣಿಗಳ ಸೇವಾದಾರರು ಒಂದು ವಾರದ ಮಟ್ಟಿಗೆ ತಮ್ಮ ಯಂತ್ರಗಳ ಲೆಕ್ಕವನ್ನು ತೆಗೆದು, ತಮ್ಮ ಸುದ್ದಿಯಲ್ಲಿ ಎಷ್ಟು ಪಾಲು ಒಬ್ಬರಿಂದೊಬ್ಬರಿಗೆ ಹೋಗುತ್ತಿದೆಯೆಂದು ಕಾಗದದ ಮೇಲೆ ಬರೆಯುವುದು. ಆ ಪಾಲು ತೀರ ಸಣ್ಣದಾಗಿದ್ದರೆ ಕೇಂದ್ರದ ಮಾತನ್ನು ಕೆಲವು ವರ್ಷ ಮುಂದಕ್ಕೆ ಹಾಕಿ ಪ್ರವಾಹದ ದಿನಗಳಿಗಾಗಿ ಇಬ್ಬಿಬ್ಬರ ನಡುವೆ ಒಂದು ನೇರ ತಂತಿಯನ್ನಾದರೂ ಇಟ್ಟುಕೊಳ್ಳಬಹುದು. ಪಾಲು ಗಣನೀಯವಾಗಿದ್ದರೆ ಕರಾರುಪತ್ರ ಬರೆಯಲು ಕೂರಬಹುದು. ಅದು ಹತ್ತು ಪುಟಕ್ಕಿಂತ ಉದ್ದವಾಗಬೇಕಿಲ್ಲ. ಬೀಗದ ಕೈ ಯಾರ ಬಳಿ, ವಿದ್ಯುತ್ತಿನ ಬಿಲ್ಲು ಯಾವ ತಾರೀಖಿನೊಳಗೆ ಯಾರು ಕಟ್ಟಬೇಕು, ಬ್ಯಾಟರಿಗಾಗಿ ತಿಂಗಳಿಗೆ ಎಷ್ಟು ತೆಗೆದಿಡಬೇಕು, ಬಾಕಿ ಉಳಿಸಿದವನ ತಂತಿಯನ್ನು ಎಷ್ಟು ದಿನದ ನೋಟೀಸಿನ ಮೇಲೆ ಕಳಚಬಹುದು, ಬಿಟ್ಟುಹೋಗುವವನಿಗೆ ಏನು ಹಿಂದಿರುಗಿಸಬೇಕು, ತಕರಾರಾದರೆ ಮಿರಜದ ನ್ಯಾಯಾಲಯವೋ ಅಥಣಿಯದೋ: ಇಷ್ಟು ಸ್ಪಷ್ಟವಾಗಿರಬೇಕು. ಏತ ನೀರಾವರಿಯಲ್ಲಿ ಇವೇ ಪ್ರಶ್ನೆಗಳಿಗೆ ಉತ್ತರ ದೊರೆತದ್ದು ಪಂಪುಗಳು ನಿಂತ ಮೇಲೆ. ಇಲ್ಲಿ ಅವನ್ನು ಸ್ವಿಚ್ ಕೊಳ್ಳುವ ಮೊದಲೇ ಕೇಳಬಹುದು.